ಅವ್ವ ಸುಮ್ಮನಾದ ವರ್ಷ

ಚಿತ್ತಾಪುರದ ಆಸ್ಪತ್ರೆಯಲ್ಲಿ, ಮನಸ್ಸಿನ ಡಾಕ್ಟರರ ಕೋಣೆಯ ಮುಂದೆ ರತ್ನಾಬಾಯಿ ತನ್ನ ಸರದಿಗೆ ಕಾಯುತ್ತ ಕುಳಿತಿದ್ದಳು. ಪಕ್ಕದಲ್ಲಿ ಅವಳಿಗೆ ಗುರುತಿಲ್ಲದ ಅಕ್ಕತಂಗಿಯರಿಬ್ಬರು ಮಾತಾಡುತ್ತಿದ್ದುದು ಅವಳ ಕಿವಿಗೆ ಬೀಳುತ್ತಿತ್ತು.

"ಲುಂಬಿನಿ, ನನಗೇನು ಹುಚ್ಚು ಹಿಡದದೇನು? ಮನಿಗಿ ಹೋಗಮು ನಡಿ."

"ಅಕ್ಕಾ, ನಮ್ಮ ತಮ್ಮ ತೀರಿಕೊಂಡಾಗ ಅವ್ವ ಹೆಂಗಿದ್ದಳು, ನೆನಪದ?"

"ವರ್ಷಪೂರಾ ಮಾತಿಲ್ದೆ ಮೂಲ್ಯಾಗ ಕುಂತಿದ್ದಳು. ಮಂದಿ ದೆವ್ವದ ಗಾಳಿ ಸೋಕ್ಯಾದ ಅಂದ್ರು."

"ನೀ ದಿನಾ ಆಕಿ ತಲಿ ಬಾಚಿ, ಬ್ಯಾಳಿ ಅನ್ನ ಉಣಸ್ತಿದ್ದಿ."

"ಒಂದಿನ ಆಕಿನೇ, 'ತುಳಜಾ, ಬ್ಯಾಳಿಗಿ ಉಪ್ಪು ಕಮ್ಮಿ ಆಗ್ಯಾದ' ಅಂದಳು. ಖುಷಿಗಿ ಇಬ್ರೂ ಅತ್ತಿದ್ದೆವು."

"ಹೋಳಿ ಹುಣ್ಣಿಮಿಯಿಂದ ನೀನೂ ಹಂಗೇ ಮೂಲಿ ಹಿಡದು ಕುಂತೀದಿ. ಅವ್ವಗ ಡಾಕ್ಟರು ಸಿಗಲಿಲ್ಲ, ನಿನಗ ಸಿಕ್ಕಾರ."

ನರ್ಸು ಹೊರಬಂದು, "ತುಳಜಾಬಾಯಿ" ಎಂದು ಅಕ್ಕನ ಹೆಸರು ಕರೆದಳು. ಅಕ್ಕ ತಂಗಿಯ ಕೈ ಹಿಡಿದಳು.

"ಯಾಕ ಹಿಂಗಾತು ಅಂತ ಡಾಕ್ಟರು ಕೇಳಿದ್ರ ಏನ್ ಹೇಳಲಿ? ನನಗೇ ತಿಳೀವಲ್ದು."

"ಅದನ್ನೇ ಹೇಳು."

"ನೀನೂ ಒಳಗ ಬಾ."

"ಬರ್ತೀನಿ, ಏಳು."

ಇಬ್ಬರೂ ಎದ್ದು ಒಳಗೆ ಹೋದರು.