ಮೌನಾಚರಣೆಯಲ್ಲಿ ಬಿದ್ದ ಕಂಜಿರದ ಪೆಟ್ಟು

ಒಬ್ಬ ಶ್ರೀಮಂತನಿದ್ದ. ಯಾವ ಊರವನು ಎಂದು ಕೇಳಬೇಡಿ, ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ ಎದ್ದು ಹೋಗುತ್ತೀರಿ. ಅವನಿಗೊಬ್ಬಳು ಮಗಳು, ಇಪ್ಪತ್ತು ವರ್ಷದವಳು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಮಾತಿಲ್ಲ. ಮಾತಾಡಿಸಿ ಮಾತಾಡಿಸಿ ಸಾಕಾಯಿತೆಂದು ಅಪ್ಪ ಕೈಚೆಲ್ಲಿದ್ದ. ಎಷ್ಟು ಸಲ ಮಾತಾಡಿಸಿದ್ದ? ನೋಡಿ, ಅದೊಂದನ್ನು ಮಾತ್ರ ಕೇಳಬೇಡಿ!

ಅಂಥವರಿಗೆಂದೇ ಊರಲ್ಲಿ ಒಬ್ಬ ಟೀಚರಮ್ಮ ಇದ್ದರು. ಸಂಗೀತವೇ ಅವರು ಕೊಡುವ ಔಷಧ. ಒಬ್ಬೊಬ್ಬರ ಹೆಸರನ್ನೂ ಹಾಡಿ ಕರೆಯುವುದು, ಕಂಜಿರವನ್ನು ಅವರ ಮುಂದೆ ಹಿಡಿಯುವುದು, ಆಮೇಲೆ ಸುಮ್ಮನಿರುವುದು. ಒಂದು ಪೆಟ್ಟು ಬೀಳುವವರೆಗೂ ಸುಮ್ಮನಿರುವುದು. ಈ ಹುಡುಗಿಗಾಗಿ ಹೀಗೆ ಮೂರು ವರ್ಷ ಕಾದರು. ಮೂರು ವರ್ಷ! ನಮಗೆ ಕುಕ್ಕರ್ ಮೂರು ಸೀಟಿ ಹಾಕುವಷ್ಟು ತಾಳ್ಮೆಯಿಲ್ಲ. ನಾಲ್ಕನೆಯ ವರ್ಷ ಅವಳು ಬಾರಿಸಿದಳು.

ಟೀಚರಮ್ಮ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಅಧ್ಯಕ್ಷ ಯಾರು? ನಮ್ಮ ಶ್ರೀಮಂತನೇ. ಟೀಚರಮ್ಮನ ಶಿಷ್ಯರನ್ನು ಎಲ್ಲಿ ಕೂರಿಸಿದರು? ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ. ಗಲಾಟೆ ಮಾಡಿದರೆ ಹೊರಗೆ ಕಳಿಸಲು ಸುಲಭ ನೋಡಿ! ಒಂದು ನಿಮಿಷ ಮೌನ ಎಂದರು. ಸಭೆ ಎದ್ದು ನಿಂತು ಸುಮ್ಮನಾಯಿತು. ಆಗ ಹಿಂದಿನಿಂದ ಕಂಜಿರದ ಒಂದು ಪೆಟ್ಟು. ಇನ್ನೊಂದು. ತನ್ನ ಮಗಳೇ ಎಂದು ಶ್ರೀಮಂತನಿಗೆ ನೋಡದೆಯೇ ಗೊತ್ತಾಯಿತು. ದಡದಡನೆ ವೇದಿಕೆ ಇಳಿದು ಬಂದ.

"ಮರ್ಯಾದೆ ತೆಗೀತಾಳೆ, ಹೊರಗೆ ಕರ್ಕೊಂಡ್ಹೋಗೇ!" ಎಂದು ಮಗಳ ಪಕ್ಕದಲ್ಲಿದ್ದ ಹೆಂಡತಿಯ ಮೇಲೆ ರೇಗಿದ.

"ಎಲ್ರೂ ಸುಮ್ಮನಾದ್ರೆ ತನ್ನ ಸರದಿ ಅಂತ ಟೀಚರಮ್ಮ ಕಲಿಸಿದ್ದು ಕಣ್ರೀ. ಇಷ್ಟೊಂದು ಜನ ತನಗೋಸ್ಕರ ಕಾಯ್ತಿದಾರೆ ಅಂದ್ಕೊಂಡ್ಳು, ಪಾಪ."

"ನಂಗ್ಯಾಕೆ ಇದನ್ನ ಹೇಳ್ಲಿಲ್ಲ?"

"ಹೇಳಿ ಮುಗಿಸೋವರೆಗೂ ಯಾವತ್ತು ನಿಂತಿದ್ರಿ ನೀವು?"

ಅಷ್ಟರಲ್ಲಿ ಮಗಳು ಕಂಜಿರವನ್ನು ಅಪ್ಪನ ಮುಂದೆ ಹಿಡಿದಳು. ಹಿಡಿದು ಸುಮ್ಮನೆ ನಿಂತಳು. ಅವನೂ ಅದರ ಮೇಲೆ ಒಂದು ಪೆಟ್ಟು ಹಾಕಿದ್ದರೆ ಸಾಕಿತ್ತು. ಅವನ ಕೈ ಮೇಲೆದ್ದಿತು ಕೂಡ. ಆದರೆ ಮೈಕಿನಲ್ಲಿ 'ಅಧ್ಯಕ್ಷರು ವೇದಿಕೆಗೆ ಬರಬೇಕು' ಎಂದರು. ಹೋದ! ಹೋಗಿ ಟೀಚರಮ್ಮನ ತಾಳ್ಮೆಯ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ. ಎರಡು ಸಲ ಕಣ್ಣೊರೆಸಿಕೊಂಡ. ಕೊನೆಯ ಸಾಲಿನಲ್ಲಿ ಆ ಹುಡುಗಿ ಕಂಜಿರ ಹಿಡಿದೇ ಇದ್ದಳು.

ನಗಬೇಡಿ. ಇವತ್ತು ಇಲ್ಲೇ, ನನ್ನ ಕಥೆಗೆ ಮುಂಚಿನ ಭಜನೆಯ ಹೊತ್ತಿನಲ್ಲಿ ಆ ಕಂಬದ ಪಕ್ಕದ ಮಗು ತಾಳ ತಪ್ಪಿ ಚಪ್ಪಾಳೆ ತಟ್ಟಿದಾಗ ಎಷ್ಟು ಜನ ತಿರುಗಿ ಗುರಾಯಿಸಿದಿರಿ? ನಾನು ಕಂಡಿದ್ದೇನೆ. ಆ ತಾಯಿ ತಲೆ ತಗ್ಗಿಸಿದ್ದನ್ನೂ ಕಂಡಿದ್ದೇನೆ. ಎಷ್ಟು ಸಲ ಹೇಳಲಿ ನಿಮಗೆ? ನಾಳೆಯಿಂದ ಅಂಥ ಮಗು ಎದುರಾದರೆ ಅಮ್ಮನನ್ನಲ್ಲ, ಮಗುವನ್ನೇ ಮಾತಾಡಿಸಿ. ಹೆಸರು ಹಿಡಿದು ಕರೆಯಿರಿ. ಆಮೇಲೆ ಫೋನು ಜೇಬಿನಲ್ಲಿಟ್ಟು, ಬಾಯಿ ಮುಚ್ಚಿಕೊಂಡು ಕಾಯಿರಿ. ಉತ್ತರ ಬರುತ್ತದೆ. ನಿಮಗೆ ಬೇಕಾದ ಹೊತ್ತಿಗೆ ಬರುವುದಿಲ್ಲ, ಅಷ್ಟೇ.

ನಾಳೆ ಯಾಕೆ, ಈಗಲೇ ಆಗಲಿ. ನಾನೂ ಸುಮ್ಮನಾಗುತ್ತೇನೆ. ಮಗೂ, ಚಪ್ಪಾಳೆ ತಟ್ಟಮ್ಮ. ಎಷ್ಟು ಹೊತ್ತಾದರೂ ಸರಿ, ಯಾರೂ ಏಳುವುದಿಲ್ಲ.