ಸುಲ್ತಾನನ ಬೆಲ್ಲ

ಅಲ್ಲ, ಕಚ್ಚಿದ್ದಕ್ಕಲ್ಲ ನಾ ಗಾಬರಿ ಆಗಿದ್ದು. ನಾಯಿ ಅಂದಮ್ಯಾಲ ಕಚ್ಚತದ, ಅದೇನು ಹಾಡಾ ಹಾಡತದೇನು? ಕಚ್ಚಿ, ಬಿಟ್ಟು, ನನ್ನ ಮುಂದ ಕುಂತು ಬಾಲಾ ಅಲ್ಲಾಡಿಸ್ತಲ್ಲ, ಅದಕ್ಕ ಗಾಬರಿ ಆದೆ. ಇಲ್ಲೆ ನನ್ನ ಕೈಲಿಂದ ರಕ್ತ ಸುರೀಲಿಕ್ಕತ್ತದ, ಅದು ನನ್ನ ಮಾರಿ ನೋಡಕೋತ ಖುಷೀಲೆ ಬಾಲಾ ಅಲ್ಲಾಡಿಸ್ಲಿಕ್ಕತ್ತದ. ಪಿಂಟ್ಯಾ, ಕಟ್ಟಿ ತುದೀಗೆ ಕೂಡಬ್ಯಾಡೋ, ಬೀಳ್ತಿ, ಇತ್ತಾಗ ಸರಿ. ಹಾಂ. ಈ ಕೈ ನೋಡ್ರಿ, ಈ ಎರಡು ಬೆರಳು ಇನ್ನೂ ಮಡಚೂದಿಲ್ಲ. ನಿಮ್ಮ ಕಾಕು ಏನಂತಾಳ ಗೊತ್ತದೇನು? ನಾ ಊಟಕ್ಕ ಕುಂತ್ರ ಹುಳಿಗೆ ಆಶೀರ್ವಾದ ಮಾಡಿದಂಗ ಕಾಣತದಂತ.

ಆಗ ನಾವು ಪುಣೇದ ಭೋಸರ್ಯಾಗ ಇದ್ವಿ. ತೊಂಬತ್ತಾರೋ ತೊಂಬತ್ತೇಳೋ, ಯಾವದೋ ಒಂದು, ಮದವಿ ಆಗಿ ಭಾಳ ದಿನ ಆಗಿರಲಿಲ್ಲ. ನಾ ಧಾರವಾಡದ ಕಡೆಯಿಂದ ಇಲ್ಲಿಗೆ ಬಂದಿದ್ದು ಲೇತ್ ಮಶೀನ್ ಮ್ಯಾಲೆ ಕೆಲಸಾ ಮಾಡ್ಲಿಕ್ಕೆ. ಆ ಫ್ಯಾಕ್ಟರಿ ಮುಚ್ಚಿತು. ಮುಂದ ಯಾರೋ ಹೇಳಿದ್ರು, ರಾತ್ರಿ ಫ್ಯಾಕ್ಟರಿ ಕಾಯೂ ನಾಯಿ ಬಾಡಗಿ ಕೊಡೂ ಧಂದೆ ಒಂದು ಅದ, ಅಲ್ಲೆ ಆಳು ಬೇಕಂತ. ಮಾಲಕರು ಮಿಲಿಟರ್ಯಾಗ ಇದ್ದವ್ರು, ಎಲ್ಲಾರೂ ಮೇಜರ್ ಸಾಹೇಬ್ರು ಅಂತಿದ್ರು, ಖರೇನ ಮೇಜರ್ ಆಗಿದ್ರೋ ಇಲ್ಲೋ ಕೇಳೂ ಧೈರ್ಯ ಯಾರಿಗೂ ಇರಲಿಲ್ಲ, ಮೀಸಿ ಹಂಗಿದ್ವು. ನಾಯಿಗೆ ಹೆದರ್ತೀ ಏನು ಅಂತ ಕೇಳಿದ್ರು. ಇಲ್ರೀ, ಸದ್ಯಕ್ಕ ನನಗ ಮನಿ ಮಾಲಕಂದಷ್ಟ ಹೆದರಿಕಿ ಅಂದೆ. ಕೆಲಸಾ ಸಿಕ್ತು. ಹಂಗ ಸುಲ್ತಾನ ನನ್ನ ಕೈಗೆ ಬಂತು. ಆಲ್ಸೇಷಿಯನ್ ಮರಿ, ಕಿವಿ ಇನ್ನೂ ನೆಟ್ಟಗ ನಿಂತಿರಲಿಲ್ಲ, ಒಂದು ಕಿವಿ ಮುಂಬೈ ಕಡೆ, ಒಂದು ಕಿವಿ ಸೋಲಾಪುರದ ಕಡೆ. ಅದಕ್ಕ ಕೂಡೂದು, ಏಳೂದು, ಕಳ್ಳನ್ನ ಹಿಡಿಯೂದು, 'ಛೋಡ್' ಅಂದಕೂಡ್ಲೆ ಬಿಡೂದು, ಎಲ್ಲಾ ನಾನ ಕಲಿಸಿದೆ. ಹಿಂದ್ಯಾಗ ಕಲಿಸಬೇಕಂತ ಸಾಹೇಬ್ರ ಹುಕುಂ, ನನ್ನ ಹಿಂದಿ ಹೆಂಗಿತ್ತಪಾ ಅಂದ್ರ ನಾಯಿಗೆ ತಿಳೀತಿತ್ತು, ಮನಶಾರಿಗೆ ತಿಳೀತಿರಲಿಲ್ಲ.

ಮರಿ ಬೆಳದು ದೊಡ್ಡ ನಾಯಿ ಆತು. ಕಚ್ಚಿದ ದಿನಾ ಏನಾತು, ಮಳಿಗಾಲ, ಮುಂಜಾನಿಂದ ಒಂದಸವನ ಮಳಿ. ಛತ್ರಿ ಹಿಂದಿನ ದಿನನ ಗಾಳಿಗೆ ಉಲ್ಟಾ ಆಗಿ ಕಡ್ಡಿ ಮುರದಿತ್ತು. ನಿಮ್ಮ ಕಾಕು ಒಂದು ಗೋಣಿಚೀಲ ತಂದು, ಮೂಲಿ ಒಳಗ ಒತ್ತಿ ಕೊಪ್ಪಿ ಮಾಡಿ, ನನ್ನ ತಲೀ ಮ್ಯಾಲೆ ಹಾಕಿದ್ಲು. ಊರಾಗ ಹೊಲಕ್ಕ ಹೋಗೋರು ಹಾಕ್ಕೋತಾರಲ್ಲ, ಹಂಗ. ಪುಣೇದಾಗ ಯಾರರ ನೋಡಿದ್ರ ನಗತಾರ ಅಂದೆ. ನಗಲಿ, ತೊಯ್ದು ಜ್ವರಾ ಬಂದ್ರ ಅವ್ರು ಬಂದು ಕಷಾಯ ಕಾಸ್ತಾರೇನು ಅಂದ್ಲು. ಸರಿ ಬಿಡು ಅಂತ ಹೊಂಟೆ. ನಾಯಿಗೆ ಅನ್ನಾ ಕುದಿಸಿ, ಬಕೀಟು ತಗೊಂಡು, ಸುಲ್ತಾನನ ಗೂಡಿನ ಬಾಗಲಾ ತಗದು ಒಳಗ ಹೋದೆ. ಅದು ನನ್ನ ನೋಡ್ತು. ದಿನಾ ಓಡಿ ಬರೂ ನಾಯಿ ಸುಮ್ಮನ ನಿಂತು ನೋಡ್ತು. ಏನ್ರೀ ಸುಲ್ತಾನ್ ಸಾಹೇಬ್ರ, ಮಳಿ ಜೋರದ ಅಲ್ಲ ಅಂದೆ. ಅಷ್ಟರಾಗ ಈ ಕೈ ಅದರ ಬಾಯಾಗಿತ್ತು.

ಛೋಡ್ ಅಂದಿದ್ರ ಮುಗದಿತ್ತು. ಆದ್ರ ಜೀವಾ ಹೋಗೂ ಹೊತ್ತಿನ್ಯಾಗ ಮನಶಾಗ ಹಿಂದಿ ಎಲ್ಲಿಂದ ಬರಬೇಕು? 'ಯವ್ವಾ, ಬಿಡೋ, ಬಿಡೋ ನಮ್ಮಪ್ಪಾ' ಅಂತ ಕನ್ನಡದಾಗ ಒದರ್ಲಿಕ್ಕತ್ತೆ. ಅದಕ್ಕ ಏನು ತಿಳೀಬೇಕು, ಇನ್ನೂ ಗಟ್ಟಿ ಹಿಡೀತು. ನನ್ನ ಜೋಡಿ ಕೆಲಸಾ ಮಾಡೂ ಶಿಂದೆ ಅಂತ ಒಬ್ಬಾಂವ ಇದ್ದ, ಅಂವ ಹೊರಗಿಂದ ಓಡಿ ಬಂದು 'ಛೋಡ್' ಅಂದ. ಟಕ್ಕನ ಬಿಡ್ತು. ಬಿಟ್ಟು ಕುಂತ್ತು. ಆವಾಗ್ಲೇ ಹೇಳಿದ್ನಲ್ಲ, ಬಾಲಾ. ನಾ ಸಾಕಿದ ನಾಯಿ, ನನ್ನ ಕೈಲೆ ಅನ್ನಾ ಉಂಡ ನಾಯಿ. ಶಿಂದೆ ರಿಕ್ಷಾದಾಗ ಹಾಕ್ಕೊಂಡು ಒಯ್ಯೂತನಕಾ ನಾ ಒಂದ ವಿಚಾರ ಮಾಡ್ಲಿಕ್ಕತ್ತಿದ್ದೆ, ನಾ ಏನ್ ಮಾಡಿದೆ ಅದಕ್ಕ?

ದವಾಖಾನ್ಯಾಗ ಡಾಕ್ಟರು ಕೈ ನೋಡಿದ್ರು, ಹೊಲಿಗಿ ಹಾಕಿದ್ರು. ನಾ ಹೆಂಗಿದ್ದೀನಿ ಅಂತ ಕೇಳಲಿಲ್ಲ, 'ಕುತ್ರಾ ಜಿವಂತ ಆಹೇ ಕಾ?' ಅಂದ್ರು. ನಾಯಿ ಜೀವಂತ ಅದ ಏನು ಅಂತ. ಅದ ರೀ, ನನಕಿಂತಾ ಆರಾಮ ಅದ ಅಂದೆ. ಆವಾಗ ಹೇಳಿದ್ರು, ಅದನ್ನ ಕೊಲ್ಲಬ್ಯಾಡ್ರಿ, ಕಟ್ಟಿಹಾಕಿ ಹತ್ತು ದಿನಾ ನೋಡ್ರಿ, ಇವತ್ತಿಂದ ನಿಮಗ ದಿನಾ ಒಂದು ಸೂಜಿ, ಹತ್ತು ದಿನಾ ಅದು ನೆಟ್ಟಗ ಇತ್ತಂದ್ರ ಹುಚ್ಚಿಲ್ಲ, ಸೂಜಿ ಬಂದ್ ಮಾಡೂಣು. ಇಲ್ಲಂದ್ರ ಹೊಟ್ಟ್ಯಾಗ ಹದಿನಾಲ್ಕೂ ತಗೋಬೇಕು, ಮುಂದಿಂದು ದೇವರ ಕೈಯಾಗ ಅಂತ. ಆಗಿನ ಸೂಜಿ ಹೊಟ್ಟ್ಯಾಗನ ಮತ್ತ, ಈಗಿನಂಗ ತೋಳಿಗಲ್ಲ. ಸಾಹೇಬ್ರು ನಾಯಿಗೆ ಸೂಜಿ ಹಾಕಿಸ್ಯಾರೋ ಇಲ್ಲೋ ಅವ್ರಿಗೇ ಖಾತ್ರಿ ಇರಲಿಲ್ಲ. ಅದರ ಮ್ಯಾಲೆ ಹಿಂದಿನ ತಿಂಗಳಾ ಒಂದು ಬೀದಿ ನಾಯಿ ಕಂಪೌಂಡ್ ಹಾರಿ ಬಂದು ಸುಲ್ತಾನನ ಜೋಡಿ ಕಚ್ಯಾಡಿತ್ತು. ಅದು ನೆನಪಾತು ನೋಡ್ರಿ, ಹದಿನಾಲ್ಕ ಸಾಕಾಗತಾವೇನ್ರಿ ಅಂತ ಡಾಕ್ಟರಿಗೆ ಕೇಳಿದೆ.

ಸಾಹೇಬ್ರು ಆಗಲೇ ಬಂದೂಕ ತಗದಿಟ್ಟಿದ್ರಂತ. ಸಾಕಿದಾಂವನ್ನ ಕಚ್ಚಿದ್ದು ಹುಚ್ಚ ನಾಯಿನ ಅಂತ ಅವ್ರ ಲೆಕ್ಕ. ಶಿಂದೆ ಮನಿಗೆ ಬಂದು ಹೇಳಿದ. ನಾ ಏಳ್ಲಿಕ್ಕೆ ಹೋದೆ, ತಲಿ ತಿರಗಿ ಮತ್ತ ಮಲಗಿದೆ. ನಿಮ್ಮ ಕಾಕು ಎದ್ಲು. ಈಗ ಒಳಗ ಕುಂತು ಎಲ್ಲಾ ಕೇಳಲಿಕ್ಕತ್ತಾಳ, ನಗ್ತಿರಬೇಕು. ಅಕಿ ಆವಾಗ ನಾಯಿಮರಿ ಕಂಡ್ರ ರಸ್ತಾ ದಾಟಿ ಆ ಕಡೆಯಿಂದ ಹೋಗಾಕಿ. ಮರಾಠಿ ಅಂದ್ರ ಭಾಜಿ ಮಾರ್ಕೆಟ್ ಮಟ್ಟ, ಅರ್ಧಾ ಕಿಲೋ ದ್ಯಾ, ಮಹಾಗ ಆಹೇ, ಅಂದ್ರ ಅರ್ಧಾ ಕಿಲೋ ಕೊಡ್ರಿ, ತುಟ್ಟಿ ಆತು, ಅಷ್ಟ. ಅಂಥಾಕಿ ಹೋಗಿ ಮೀಸಿ ಸಾಹೇಬ್ರ ಮುಂದ ನಿಂತು, ಗೂಡಿನ ಬಾಗಲಕ್ಕ ಬೆನ್ನ ಹಚ್ಚಿ, 'ಸಾಹೇಬ, ಕುತ್ರಾ ಮೇಲಾ ತರ ಮಾಝಾ ನವರಾ ಮೇಲಾ' ಅಂದ್ಲಂತ. ನಾಯಿ ಸತ್ರ ನನ್ನ ಗಂಡ ಸತ್ತಂಗ. ಹಿಂದ ಗೂಡಿನ್ಯಾಗ ಸುಲ್ತಾನ, ಮುಂದ ಬಂದೂಕ. ಸಾಹೇಬ್ರು ಒಪ್ಪಿದ್ರು. ಆದ್ರ ಒಂದು ಮಾತು, ಅದು ಅನ್ನಾ ಬಿಟ್ರ ನಾ ಕಾಯೂದಿಲ್ಲ, ಹುಚ್ಚ ಹಿಡದದ್ದು ಉಣ್ಣೂದಿಲ್ಲ ಅಂದ್ರು.

ಮುಗೀತು. ಅದು ಅನ್ನಾ ಬಿಡ್ತು. ಅಕಿ ದಿನಾ ಹೋಗಿ ಬಕೀಟು ಇಟ್ಟು ಬರಾಕಿ, ಸಂಜಿಗೆ ಬಂದು ಹೇಳಾಕಿ, 'ಮೂಸಿ ನೋಡಿತ್ರೀ, ಉಣ್ಣಲಿಲ್ಲ.' ಶಿಂದೆ ಇಟ್ರೂ ಇಲ್ಲ, ಸಾಹೇಬ್ರು ಇಟ್ರೂ ಇಲ್ಲ. ನಾ ಹಾಸಿಗ್ಯಾಗ ಮಲಗಿ ನೀರು ಕುಡದು ನೋಡ್ತಿದ್ದೆ. ಹುಚ್ಚ ಹಿಡದ್ರ ನೀರಿಗೆ ಹೆದರ್ತಾರಂತಲ್ಲ, ಅದಕ್ಕ ಒಂದು ತಂಬಗಿ ಕುಡೀತಿದ್ದೆ, ಹೆದರಿಕಿ ಆತೇನು ನೋಡ್ತಿದ್ದೆ, ಮತ್ತೊಂದು ಕುಡೀತಿದ್ದೆ. ದಿನಾ ಪೂರ್ತಿ ಸಂಡಾಸಕ್ಕ ಓಡಾಡೂದ ಆತು. ನಾ ಒಮ್ಮೆ ಕೆಮ್ಮಿದೆ, ನಿಮ್ಮ ಕಾಕು ಧಡಕ್ಕನ ಎದ್ದು ಗ್ವಾಡಿಗೆ ಹತ್ತಿ ಕುಂತ್ಲು. ನೋಡ್ಲಿಕ್ಕೆ ಬಂದ ಆಜೂಬಾಜೂದವ್ರು ಬಾಗಲಾಗ ನಿಂತು ನಾಯಿ ಹೆಂಗದ ಅಂತ ಕೇಳಿ ಹೋಗೋರು. ನಗಬ್ಯಾಡ್ರಿ. ಆವಾಗ ನಗೂ ಬರ್ತಿರಲಿಲ್ಲ. ಹೊಟ್ಟಿ ಸುತ್ತೂ ಸೂಜಿ ಚುಚ್ಚಿ ಬಾತು, ಎಡಕ್ಕೂ ಹೊರಳಂಗಿಲ್ಲ, ಬಲಕ್ಕೂ ಹೊರಳಂಗಿಲ್ಲ. ಕಣ್ಣ ಮುಚ್ಚಿದ್ರ ಆ ಬಾಲಾ ಕಾಣ್ತಿತ್ತು.

ಹಿಂಗ ನಾಕೈದು ದಿನಾ ಆದಮ್ಯಾಲೆ ಸಾಹೇಬ್ರು ಅಂದ್ರು, ನಾಳೆ ಮುಂಜಾನೆ ಮುಗಸ್ತೀನಿ, ಇನ್ನ ಕಾಯೂದಿಲ್ಲ. ಅವತ್ತ ಮತ್ತ ಮಳಿ. ನಿಮ್ಮ ಕಾಕು ಕಡೀದೊಮ್ಮೆ ಅನ್ನಾ ಇಟ್ಟು ನೋಡ್ತೀನಿ ಅಂತ ಹೋದ್ಲು. ಬರೂವಾಗ ಪೂರಾ ತೊಯ್ಸಿಕೊಂಡು ಬಂದ್ಲು, ಕೈಯಾಗ ಹರದ ಗೋಣಿಚೀಲ. ಇದೇನ ಅಂದೆ. ತಲೀಗೆ ಕೊಪ್ಪಿ ಹಾಕ್ಕೊಂಡು ಹೋಗಿದ್ದೆ, ನನ್ನ ನೋಡಿದಕೂಡ್ಲೆ ಸರಪಳಿ ಹರೀಯೂವಂಗ ಜಿಗೀತು, ನಾ ಚೀಲಾ ಒಗದು ಓಡಿದೆ ಅಂದ್ಲು. ಆತು, ಖರೇನ ಹುಚ್ಚ ಹಿಡದದ ಅಂದ್ಕೊಂಡೆ.

'ಕೇಳ್ರಿಲ್ಲೆ' ಅಂದ್ಲು. 'ಆ ಚೀಲಾ ಹಿಡದು ಝಾಡಿಸ್ತು. ಶಿಂದೆ ಛೋಡ್ ಅಂದ್ರು. ಬಿಟ್ಟು ಕುಂತ್ತು. ನನ್ನ ನೋಡಿ ಬಾಲಾ ಅಲ್ಲಾಡಿಸ್ತು. ನನ್ನ ಮಾರಿ ನೋಡಲಿಲ್ರೀ ಅದು, ನನ್ನ ಕೈ ನೋಡ್ಲಿಕ್ಕತ್ತಿತ್ತು. ಏನು ಬೇಕ್ರೀ ಅದಕ್ಕ?'

ನಾ ಎದ್ದು ಕುಂತೆ. ನಿಮಗ ಹೇಳಲಿಲ್ಲ ಅಲ್ಲ, ಕಳ್ಳನ್ನ ಹಿಡಿಯೂದು ಹೆಂಗ ಕಲಸ್ತಾರಂತ. ಶಿಂದೆ ಕೈಗೆ ಮೈಗೆ ಗೋಣಿಚೀಲ ಸುತ್ತಿಕೊಂಡು ಕಳ್ಳ ಆಗ್ತಿದ್ದ, ನಾ ಸರಪಳಿ ಬಿಡ್ತಿದ್ದೆ. ಅದು ಗೋಣಿಚೀಲ ಹಿಡೀಬೇಕು, ಛೋಡ್ ಅಂದ್ರ ಬಿಟ್ಟು ಕೂಡಬೇಕು. ಕುಂತ್ರ ಒಂದು ಚೂರು ಬೆಲ್ಲಾ, ನನ್ನ ಕೈಲೆ. ದಿನಾ ಇದ ಪಾಠ. ಗೋಣಿಚೀಲ ಹೊತ್ತು ಬಂದಾಂವ ಕಳ್ಳ. ನನ್ನ ಕಚ್ಚಿದ ದಿನಾ ಮುಂಜಾನೆ ಅದರ ಮುಂದ ಯಾರು ಬಂದಿದ್ರು? ಕೊಪ್ಪಿ ಹಾಕ್ಕೊಂಡ ಕಳ್ಳ ಬಂದಿದ್ದ. ಅನ್ನಾ ಬಿಟ್ಟದ್ದೂ ಹಂಗ. ಕಳ್ಳರು ವಿಷಾ ಹಾಕತಾರ, ನನ್ನ ಬಿಟ್ಟು ಬ್ಯಾರೆ ಯಾರು ಕೊಟ್ರೂ ತಿನಬ್ಯಾಡ ಅಂತ ನಾನ ಕಲಿಸಿದ್ದೆ. ಜ್ವರದಾಗ, ಹೆದರಿಕ್ಯಾಗ, ಇದೊಂದೂ ನನ್ನ ತಲ್ಯಾಗ ಬರಲಿಲ್ಲ ನೋಡ್ರಿ. ಡಬ್ಬ್ಯಾಗ ಬೆಲ್ಲಾ ಅದ ಏನಂದೆ. 'ಚಹಾಕ್ಕಷ್ಟ ಅದ' ಅಂದ್ಲು. ನಾಳೆ ಚಹಾ ಕುಡಿಯೂದು ಬ್ಯಾಡ ಅಂದೆ.

ಮರುದಿನಾ ನಸಕಿನ್ಯಾಗ ರಿಕ್ಷಾ ಮಾಡ್ಕೊಂಡು ಹೋದ್ವಿ, ಪ್ರತಿ ತೆಗ್ಗಿಗೂ ಹೊಟ್ಟಿ ಹಿಡ್ಕೊಂಡು. ಗೂಡಿನ ಮುಂದ ನಿಂತ್ರ ನನ್ನ ಕಾಲ ಮುಂದ ಹೋಗವಲ್ಲವು. ತಿಳದದ ಎಲ್ಲಾ, ಆದ್ರ ಕೈಗೆ ತಿಳದಿಲ್ಲ. ಸಾಹೇಬ್ರು ಬಂದೂಕ ಹಿಡದು ಆ ಕಡೆ ನಿಂತಾರ. ಸುಲ್ತಾನ ಬಡಕಾಗಿ ಎಲಬು ಕಾಣ್ಲಿಕ್ಕತ್ತಿದ್ವು. ನನ್ನ ನೋಡಿ ಎದ್ದು ಬರಲಿಲ್ಲ. ಹಂಗ ನೆಟ್ಟಗ ಕುಂತ್ತು, ಪಾಠ ಒಪ್ಪಿಸಿದ ಹುಡುಗರು ಕೂಡ್ತಾರಲ್ಲ, ಹಂಗ. ನನ್ನ ಕೈ ನೋಡ್ತು. ಅವತ್ತ ಕಳ್ಳನ್ನ ಹಿಡದದ್ದು, ಬಿಡು ಅಂದಕೂಡ್ಲೆ ಬಿಟ್ಟದ್ದು, ಅದರ ಬೆಲ್ಲಾ ನಾ ಕೊಟ್ಟೇ ಇರಲಿಲ್ಲ.

ಸರಳಿನ ಸಂದ್ಯಾಗ ಎಡಗೈ ಹಾಕಿದೆ, ಕಣ್ಣ ಮುಚ್ಚಿ. ಬಿಸಿ ಉಸರು ಬಡೀತು. ನಾಲಿಗಿ ತಾಗ್ತು. ಕಣ್ಣ ತಗದ್ರ ಬೆಲ್ಲಾ ಇಲ್ಲ, ಬೆರಳು ಐದೂ ಅಲ್ಲೇ ಅವ. ಎಣಸಿದೆ ಮತ್ತ. ಆಮ್ಯಾಲೆ ಬಕೀಟು ನಾ ಸರಿಸಿದೆ, ಅದು ತಲಿ ಹಾಕಿ ತಳಾ ನೆಕ್ಕೂತನಕಾ ಉಣ್ತು. ಸಾಹೇಬ್ರು ಬಂದೂಕ ತಗೊಂಡು ಒಳಗ ಹೋದ್ರು. ನಾ ನೆಲದ ಮ್ಯಾಲೆ ಕುಂತು ಅತ್ತೆ. ನಿಮ್ಮ ಕಾಕುನೂ ಅತ್ಲು. ಆದ್ರ ಅಕಿ ನಾಯಿಂದ ಎರಡು ಮಾರ ದೂರ ನಿಂತು ಅತ್ಲು.

ಹತ್ತು ದಿನಾ ಮುಗದ್ವು, ಸೂಜಿ ನಿಂತ್ವು. ಆ ಗೂಡಿನೊಳಗ ಕಾಲ ಇಡ್ಲಿಕ್ಕೆ ನನಗ ದೀಪಾವಳಿ ಬರಬೇಕಾತು. ಮೊದಲ ಕೆಲಸಾ, ಅದಕ್ಕ ಕನ್ನಡದಾಗ 'ಬಿಡು' ಕಲಿಸಿದೆ. ಅಷ್ಟ ನೋಡ್ರಿ. ಹೇಳಿದ ಕೆಲಸಾ ಮಾಡಿದವ್ರ ಬೆಲ್ಲಾ ಬಾಕಿ ಇಡಬಾರ್ದು, ಮತ್ತ ಮಳಿಗಾಲದಾಗ ಛತ್ರಿ ರಿಪೇರಿ ಮಾಡ್ಸಿ ಇಟ್ಕೋಬೇಕು. ಏಳೋ ಪಿಂಟ್ಯಾ, ಕಾಕು ತಾಟ ಹಾಕ್ಯಾಳ.