ಚಾಲಕರ ಹೆಸರು

ಪ್ರೆಸ್ಟನ್ನಿನ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಎದುರಿಗಿದ್ದ ಮುದುಕರು ಅತಿವೇಗಕ್ಕೆ ಸಿಕ್ಕಿಬಿದ್ದ ಕಾರನ್ನು ಯಾರು ಓಡಿಸುತ್ತಿದ್ದರೆಂದು ಕೇಳಿ ಪೊಲೀಸರಿಂದ ಬಂದ ಫಾರಂ ಒಂದನ್ನು ಹೆಂಡತಿಯ ತೊಡೆಯ ಮೇಲಿಟ್ಟರು.

"ಕಾರು ನೀನು ಓಡಿಸ್ತಿದ್ದೆ ಅಂತ ಬರಿ, ರೋನಾ. ಇಲ್ಲಾಂದ್ರೆ ನನ್ನ ಲೈಸೆನ್ಸ್ ಹೋಗುತ್ತೆ."

"ಹೋಗ್ಲಿ, ಕ್ಲಿಫ್. ದಾರಿ ತೋರಿಸೋ ಯಂತ್ರಕ್ಕೆ ಹೊಸ ನಕ್ಷೆ ಹಾಕಿಸು, ಸ್ಪೀಡ್ ಕ್ಯಾಮೆರಾ ಎಲ್ಲಿದೆ ಅಂತ ಹೇಳುತ್ತೆ ಅಂದೆ. ಅದಕ್ಕೆ ಇಪ್ಪತ್ತು ಪೌಂಡು ಸುರಿಯೋದು ದಂಡ ಅಂದೆ ನೀನು."

"ದಂಡವೇ. ಹುಟ್ಟಿದೂರಿಗೆ ನಕ್ಷೆ ಯಾಕೆ?"

"ನೀನು ಹುಟ್ಟಿದಾಗ ಆ ಕ್ಯಾಮೆರಾ ಇತ್ತಾ?"

"ಕೊಂಕು ಸಾಕು. ಬರಿ."

"ಸುಳ್ಳು ಬರೆದ್ರೆ ಜೈಲು. ನೀನೇ ಬರ್ಕೋ."

"ಕನ್ನಡಕ ಮನೇಲಿದೆ."

ರೋನಾ ತಮ್ಮ ಚೀಲದಿಂದ ಅವರ ಕನ್ನಡಕ ತೆಗೆದು, ಮಫ್ಲರಿನ ತುದಿಯಲ್ಲಿ ಒರೆಸಿ, ಅವರ ಮೂಗಿನ ಮೇಲಿಟ್ಟರು.

ಒಳಗಿಂದ ಕರೆ ಬಂತು. ಕ್ಲಿಫ್ ಫಾರಂನಲ್ಲಿ ಚಾಲಕರ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಗೀಚಿ, ಕಾರಿನ ಕೀಲಿಯನ್ನು ಹೆಂಡತಿಯ ಮಡಿಲಿಗೆಸೆದು ಎದ್ದುಹೋದರು.